ಖಡ್ಗ ಮತ್ತು ಲೆಕ್ಕಣಿಕೆ: ಕನ್ನಡ ನಾಡಿನ ಸೇನಾಡಳಿತದ ಒಂದು ಪರಂಪರೆ

ವೀರಗಲ್ಲುಗಳು ಕಾಳಗದಲ್ಲಿ ಮಡಿದವರ ಸ್ಮಾರಕಗಳು. ಕೆಳಗೆ ಕದನದ ದೃಶ್ಯ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ದೇವಸಾನ್ನಿಧ್ಯ ಎಂಬ ಅವುಗಳ ಸಾಮಾನ್ಯ ವಿನ್ಯಾಸದಲ್ಲಿ ಪಡೆಗೆ ದವಸ ಒದಗಿಸಿದವನಿಗಾಗಲಿ ಸಂಬಳ ಬಟವಾಡೆ ಮಾಡಿದವನಿಗಾಗಲಿ ಎಡೆಯಿಲ್ಲ. ಲಾವಣಿಗಳ ನಾಯಕನೂ ಬಹುಮಟ್ಟಿಗೆ ಕತ್ತಿ ಹಿಡಿದವನೇ. ಇದರಿಂದಾಗಿ ಕಾದುವವನು ಬೇರೆ, ಲೆಕ್ಕ ಬರೆಯುವವನು ಬೇರೆ ಎಂಬ ಗ್ರಹಿಕೆ ಸಹಜವೆನಿಸುತ್ತದೆ. ಶಾಸನಗಳೂ ಮೈಸೂರಿನ ಚರಿತ್ರೆಯೂ ಇದಕ್ಕಿಂತ ಭಿನ್ನವಾದ ಚಿತ್ರವನ್ನು ನೀಡುತ್ತವೆ.

ಹೊಯ್ಸಳ ಶಾಸನಗಳಲ್ಲಿ ಮಹಾಪ್ರಧಾನ, ದಂಡನಾಯಕ ಎಂಬ ಪದವಿಗಳು ಹಲವೆಡೆ ಒಬ್ಬನಲ್ಲಿಯೇ ಕೂಡಿಬರುತ್ತವೆ. ವಿಷ್ಣುವರ್ಧನನ ಪ್ರಧಾನಿಯಾಗಿದ್ದ ಗಂಗರಾಜನೇ ಚೋಳರಿಂದ ತಲಕಾಡನ್ನು ಗೆದ್ದ ಸೇನಾನಿ. ಒಂದನೆಯ ನರಸಿಂಹನ ಕಾಲದ ಹುಳ್ಳನು ದಂಡನಾಯಕನೂ ಹೌದು, ಭಂಡಾರಿಯೂ ಹೌದು. 1159ರಲ್ಲಿ ಅವನು ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಜಿನಾಲಯವನ್ನು ಜನರು ಇಂದಿಗೂ ‘ಭಂಡಾರಿ ಬಸದಿ’ ಎಂದೇ ಕರೆಯುತ್ತಾರೆ. ಇಲ್ಲಿ ಜನರ ನಾಲಗೆಯ ಮೇಲೆ ಉಳಿದುದು ದಂಡನಾಯಕತ್ವವಲ್ಲ, ಬೊಕ್ಕಸದ ಹುದ್ದೆ.

ಈ ಎರಡು ಹೊಣೆಗಳ ಕೂಡುವಿಕೆ ಎಷ್ಟು ನಿರ್ಣಾಯಕವಾಗಬಲ್ಲದೆಂಬುದಕ್ಕೆ 1782ರ ಪ್ರಸಂಗವೊಂದು ಸಾಕ್ಷಿ. ಆ ವರ್ಷದ ಡಿಸೆಂಬರ್ 7ರಂದು ಹೈದರ್ ಅಲಿ ಚಿತ್ತೂರಿನ ಸಮೀಪದ ದಂಡಿನ ಬಿಡಾರದಲ್ಲಿ ತೀರಿಕೊಂಡನು. ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದನು. ಬೊಕ್ಕಸದ ಅಧಿಕಾರಿಗಳಾಗಿದ್ದ ಪೂರ್ಣಯ್ಯ ಮತ್ತು ಕೃಷ್ಣರಾವ್ ಇತರ ಪ್ರಮುಖರೊಡನೆ ಕೂಡಿ ಸಾವನ್ನು ಗುಟ್ಟಾಗಿರಿಸಿದರು. ದೇಹವನ್ನು ಪೆಟ್ಟಿಗೆಯಲ್ಲಿರಿಸಿ, ಬೆಲೆಬಾಳುವ ನಿಧಿಯೆಂಬಂತೆ ಕಾವಲಿನೊಡನೆ ಕೋಲಾರಕ್ಕೆ ಸಾಗಿಸಲಾಯಿತು. ಹಣದ ಪೆಟ್ಟಿಗೆ ದಂಡಿನೊಡನೆ ಸಂಚರಿಸುವುದು ನಿತ್ಯದ ನೋಟವಾಗಿದ್ದುದರಿಂದಲೇ ಈ ಉಪಾಯ ನಂಬಲರ್ಹವಾಯಿತು. ನಡುವೆ ತಲೆದೋರಿದ ಒಳಸಂಚನ್ನು ಅಡಗಿಸಿ, ಟಿಪ್ಪು ಬಂದು ಸೇರುವವರೆಗೆ ಸೈನ್ಯ ಚದುರದಂತೆ ನೋಡಿಕೊಳ್ಳಲಾಯಿತು. ದಂಡಿನ ಮನಸ್ಸನ್ನು ಹತ್ತಿರದಿಂದ ಬಲ್ಲ ಲೆಕ್ಕಿಗರಿಗೆ ಮಾತ್ರ ಸಾಧ್ಯವಿದ್ದ ಕೆಲಸವಿದು.

ಪೂರ್ಣಯ್ಯನು ಮುಂದೆ ಟಿಪ್ಪುವಿನ ಯುದ್ಧಗಳಲ್ಲಿ ಸೈನ್ಯವನ್ನೂ ನಡೆಸಿದನು. 1799ರಿಂದ 1811ರವರೆಗೆ ದಿವಾನನಾಗಿದ್ದಾಗ ಈ ಅನುಭವ ಅವನ ಆಡಳಿತದ ಬಂಡವಾಳವಾಯಿತು. 1803ರ ಮರಾಠಾ ಯುದ್ಧಕ್ಕೆ ಮೈಸೂರಿನ ಸಿಲ್ಲೇದಾರ್ ಅಶ್ವದಳ ತೆರಳಿದ್ದು ಅವನ ವ್ಯವಸ್ಥೆಯಲ್ಲಿಯೇ. ಆದರೆ ಆ ದಳದ ಕುದುರೆ ಯಾರ ನೆರವಿಗೆ ಓಡಿತೆಂಬುದನ್ನು ಮರೆಯಲಾಗದು. ಹಿಂದೆ ಇಂಗ್ಲಿಷರ ವಿರುದ್ಧ ಬಳಕೆಯಾದ ದಕ್ಷತೆಯೇ ಈಗ ಅವರ ಸೇವೆಗೆ ಸಂದಿತ್ತು. ಎರಡೂ ಕಡೆಯ ಅನುಭವ ಅಧಿಕಾರಿಗೆ ಸಾಮರ್ಥ್ಯವನ್ನು ನೀಡುತ್ತದೆಯೇ ಹೊರತು ಅದರ ಗುರಿಯನ್ನು ನಿರ್ಧರಿಸುವುದಿಲ್ಲ.

ವೀರಗಲ್ಲು ಸಾವನ್ನು ನೆನೆಯುತ್ತದೆ. ಕಡತವು ಸಂಬಳ, ದವಸ, ಮೇವುಗಳನ್ನು ನೆನೆಯುತ್ತದೆ. ಒಂದರಲ್ಲಿ ದಂಡನ್ನು ಸಾಕಿದವರಿಲ್ಲ, ಇನ್ನೊಂದರಲ್ಲಿ ಕಾದಿದವನ ನೋವಿಲ್ಲ. ಇವೆರಡನ್ನೂ ಜೊತೆಗಿರಿಸಿ ಓದಿದಾಗ ಮಾತ್ರ ಕನ್ನಡ ನಾಡಿನ ಯುದ್ಧಚರಿತ್ರೆ ಪೂರ್ಣವಾದೀತು.