ಸಿಂಗೀತಂ ಶ್ರೀನಿವಾಸ ರಾವ್: 'ಪುಷ್ಪಕ ವಿಮಾನ'ದಿಂದ ಟೈಮ್ ಮಷೀನ್‌ವರೆಗೆ, ಯಾವುದು ಕಥೆ? ಯಾವುದು ವಿಜ್ಞಾನ?

2024ರ ಮಾರ್ಚ್ 22ರ ಬೆಳಿಗ್ಗೆ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದ 'ಪುಷ್ಪಕ್' ಪೈಲಟ್ ಇಲ್ಲದೆ ರನ್‌ವೇ ಮೇಲೆ ಇಳಿಯಿತು. 'ಪುಷ್ಪಕ' ಎಂಬುದು ರಾಮಾಯಣದ ವಿಮಾನದ ಹೆಸರು. 1987ರ ಒಂದು ಸಿನಿಮಾದ ಹೆಸರೂ ಹೌದು. ಪುರಾಣ, ಸಿನಿಮಾ, ರಾಕೆಟ್ ಮೂರಕ್ಕೂ ಒಂದೇ ಹೆಸರಿದ್ದರೆ ಗೊಂದಲ ಸಹಜ. "ನಮ್ಮ ಪೂರ್ವಜರ ವಿಮಾನವನ್ನೇ ಇಸ್ರೋ ಮತ್ತೆ ಕಟ್ಟಿದೆ" ಎಂಬ ಮೆಸೇಜ್ ಫ್ಯಾಮಿಲಿ ಗ್ರೂಪಿಗೆ ಬಂದರೆ ನಂಬುವುದೂ ಸುಲಭ.

ಕಥೆ ಮತ್ತು ವಿಜ್ಞಾನದ ನಡುವಿನ ಗೆರೆಯನ್ನು ತಿಳಿಯಲು ಆ ಸಿನಿಮಾದ ನಿರ್ದೇಶಕರ ಬದುಕು ಚೆನ್ನಾಗಿ ನೆರವಾಗುತ್ತದೆ. ಅವರು ಸಿಂಗೀತಂ ಶ್ರೀನಿವಾಸ ರಾವ್. ಕನ್ನಡದ ಜೊತೆ ತೆಲುಗೂ ಕೇಳಿಬರುವ ಚಳ್ಳಕೆರೆ, ಮೊಳಕಾಲ್ಮೂರಿನ ಮನೆಗಳಿಗೆ ಅವರ ಎರಡೂ ಭಾಷೆಯ ಚಿತ್ರಗಳು ಹೊಸವಲ್ಲ. ಅವರು ಏನು ಮಾಡಿದರು, ಅವರ ಕಲ್ಪನೆಯಲ್ಲಿ ವಿಜ್ಞಾನ ಎಷ್ಟಿತ್ತು ಎಂದು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಯಾರು ಈ ಸಿಂಗೀತಂ?

ಹುಟ್ಟಿದ್ದು 1931ರ ಸೆಪ್ಟೆಂಬರ್ 21ರಂದು, ಆಂಧ್ರದ ನೆಲ್ಲೂರು ಸೀಮೆಯ ಉದಯಗಿರಿಯಲ್ಲಿ. ತಂದೆ ಶಾಲೆಯ ಹೆಡ್‌ಮಾಸ್ಟರ್, ತಾಯಿ ಪಿಟೀಲು ನುಡಿಸುತ್ತಿದ್ದವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಸೂಳ್ಳೂರುಪೇಟೆಯಲ್ಲಿ ಕೆಲಕಾಲ ಮೇಷ್ಟರಾಗಿದ್ದರು. ಮುಂದೆ ಇಸ್ರೋದ ರಾಕೆಟ್ ಉಡಾವಣಾ ಕೇಂದ್ರವಾದ ಶ್ರೀಹರಿಕೋಟಾ ಇರುವುದು ಅದೇ ಊರಿನ ಪಕ್ಕದಲ್ಲಿ.

ಸಿನಿಮಾ ಕಲಿತದ್ದು ನಿರ್ದೇಶಕ ಕೆ.ವಿ. ರೆಡ್ಡಿಯವರ ಕೈಕೆಳಗೆ. 1957ರ 'ಮಾಯಾಬಜಾರ್' ಚಿತ್ರಕ್ಕೆ ಕೆಲಸ ಮಾಡಿದರು. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ಲಡ್ಡುಗಳು ತಾವಾಗಿಯೇ ಘಟೋತ್ಕಚನ ಬಾಯಿಗೆ ಹೋಗುವ ದೃಶ್ಯ ಆ ಚಿತ್ರದಲ್ಲಿದೆ. ಅದ್ಭುತವನ್ನು ತೋರಿಸಲು ಮಂತ್ರ ಬೇಡ, ಕ್ಯಾಮೆರಾ ಮತ್ತು ಲೆಕ್ಕಾಚಾರ ಸಾಕು ಎಂಬ ಪಾಠ ಅಲ್ಲಿತ್ತು.

ಕನ್ನಡಕ್ಕೂ ಅವರಿಗೂ ಏನು ನಂಟು?

ನಂಟು ದೊಡ್ಡದು. ಯು.ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿದ 'ಸಂಸ್ಕಾರ' (1970) ಚಿತ್ರದಲ್ಲಿ ಅವರು ಸಹ ನಿರ್ದೇಶಕರು. ರಾಜ್‌ಕುಮಾರ್ ಅವರಿಗೆ 'ಹಾಲು ಜೇನು' ಮತ್ತು 'ಚಲಿಸುವ ಮೋಡಗಳು' (1982), 'ಎರಡು ನಕ್ಷತ್ರಗಳು' (1983), 'ಶ್ರಾವಣ ಬಂತು' (1984) ನಿರ್ದೇಶಿಸಿದರು. ಬಾಲನಟ ಪುನೀತ್‌ಗೆ ರಾಜ್ಯ ಪ್ರಶಸ್ತಿ ತಂದುಕೊಟ್ಟ 'ಚಲಿಸುವ ಮೋಡಗಳು' ಇವರದ್ದೇ. ಶಿವರಾಜ್‌ಕುಮಾರ್ ನಾಯಕನಾಗಿ ಬಂದ ಮೊದಲ ಚಿತ್ರ 'ಆನಂದ್' (1986) ಕೂಡ ಇವರದ್ದೇ.

'ಪುಷ್ಪಕ ವಿಮಾನ'ದಲ್ಲಿ ವಿಮಾನವೇ ಇಲ್ಲ!

1987ರ ಈ ಚಿತ್ರವನ್ನು ನಿರ್ಮಿಸಿದವರು ಕನ್ನಡದ ಶೃಂಗಾರ್ ನಾಗರಾಜ್. ಕಮಲ್ ಹಾಸನ್, ಅಮಲಾ ನಟಿಸಿದ್ದಾರೆ. ಶಬ್ದ, ಸಂಗೀತ ಇವೆ, ಮಾತು ಮಾತ್ರ ಒಂದೂ ಇಲ್ಲ. ಹೆಸರಿನಲ್ಲಿರುವ 'ಪುಷ್ಪಕ' ಹಾರುವ ಯಂತ್ರವಲ್ಲ, ಒಂದು ಐಷಾರಾಮಿ ಹೋಟೆಲು. ಕೆಲಸವಿಲ್ಲದ ಹುಡುಗನೊಬ್ಬ ಅಲ್ಲಿ ಬೇರೆಯವನ ಹೆಸರಲ್ಲಿ ಉಳಿದು ಕೆಲವು ದಿನ ಶ್ರೀಮಂತನಂತೆ ಬದುಕುತ್ತಾನೆ. ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ. ಚಿತ್ರಕ್ಕೆ ಜನಪ್ರಿಯ ಮನರಂಜನಾ ಚಿತ್ರ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಬಂತು.

ಪುರಾಣದ ಹೆಸರನ್ನು ಅವರು ಇಟ್ಟದ್ದು ಒಂದು ಕನಸಿಗೆ. ಹೆಸರಿಟ್ಟ ಮಾತ್ರಕ್ಕೆ ಹೋಟೆಲು ವಿಮಾನವಾಗಲಿಲ್ಲ.

ಹಾಗಾದರೆ ಚಳ್ಳಕೆರೆಯ 'ಪುಷ್ಪಕ್' ಏನು?

ಅದು ಮರುಬಳಕೆ ಮಾಡಬಹುದಾದ ಉಡಾವಣಾ ವಾಹನದ ಪ್ರಯೋಗ ಮಾದರಿ. ಬಾಹ್ಯಾಕಾಶಕ್ಕೆ ಹೋಗುವ ವಾಹನವನ್ನು ಒಮ್ಮೆ ಬಳಸಿ ಕಳೆದುಕೊಳ್ಳುವ ಬದಲು ಮರಳಿ ಇಳಿಸಿಕೊಂಡರೆ ಖರ್ಚು ತಗ್ಗುತ್ತದೆ. ಚಳ್ಳಕೆರೆಯಲ್ಲಿ ಇಂಥ ಇಳಿಯುವ ಪರೀಕ್ಷೆ ಮೂರು ಬಾರಿ ನಡೆದಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು 2024ರ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅಲ್ಲಿಂದ ಅದು ತಾನೇ ದಾರಿ ಸರಿಪಡಿಸಿಕೊಂಡು ಗಂಟೆಗೆ 300 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿತು.

ಇದರ ಹಿಂದಿರುವುದು ಸೆನ್ಸಾರ್, ಕಂಪ್ಯೂಟರ್, ಬ್ರೇಕ್ ಪ್ಯಾರಾಚೂಟ್. ಪುರಾಣದಿಂದ ಬಂದದ್ದು ಹೆಸರು ಮಾತ್ರ.

"ವೈಮಾನಿಕ ಶಾಸ್ತ್ರದಲ್ಲಿ ಎಲ್ಲ ಇದೆ" ಎಂಬ ವಾದ ನಿಜವೇ?

ಅಲ್ಲ. ಇದನ್ನು ಪರೀಕ್ಷಿಸಿದವರು ನಮ್ಮವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು 1974ರಲ್ಲಿ ಆ ಗ್ರಂಥವನ್ನು ಕೂಲಂಕಷವಾಗಿ ಓದಿ ವರದಿ ಕೊಟ್ಟರು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ಪಠ್ಯವಿದು. 1904ಕ್ಕಿಂತ ಹಿಂದಿನದಲ್ಲ. ಚಿತ್ರಗಳಲ್ಲಿರುವ ಯಾವ ವಿಮಾನವೂ ಹಾರಲಾರದು. ವರದಿಯ ಸಾರ ಇಷ್ಟು. ಅದೇ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ರಾಮಾಯಣದ ಪುಷ್ಪಕ ಕಾವ್ಯವಾಗಿ ದೊಡ್ಡದು. ದೊಡ್ಡದೆನ್ನಿಸಲು ಅದಕ್ಕೆ ಎಂಜಿನ್ ಜೋಡಿಸಬೇಕಿಲ್ಲ.

ಟೈಮ್ ಮಷೀನ್ ಹತ್ತಿ ಹಂಪಿಗೆ

ಸಿಂಗೀತಂ ಅವರಿಗೆ ಸೈನ್ಸ್ ಫಿಕ್ಷನ್ ನಿರ್ದೇಶಕ ಎಂಬ ಹೆಸರು ತಂದದ್ದು 1991ರ ತೆಲುಗು ಚಿತ್ರ 'ಆದಿತ್ಯ 369'. ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ 'ದಿ ಟೈಮ್ ಮಷೀನ್' ಅದಕ್ಕೆ ಪ್ರೇರಣೆ. ಪ್ರೊಫೆಸರ್ ಒಬ್ಬರು ಕಟ್ಟಿದ ಯಂತ್ರದಲ್ಲಿ ನಾಯಕ, ನಾಯಕಿ 1526ರ ವಿಜಯನಗರಕ್ಕೆ ಹೋಗುತ್ತಾರೆ. ಅಲ್ಲಿಂದ 2504ಕ್ಕೆ. ಬಾಲಕೃಷ್ಣ ಇಂದಿನ ಯುವಕನೂ ಹೌದು, ಶ್ರೀಕೃಷ್ಣದೇವರಾಯನೂ ಹೌದು. ಸಂಗೀತ ಇಳಯರಾಜ ಅವರದ್ದು.

ಇಸವಿಯ ಆಯ್ಕೆ ಸರಿಯಾಗಿದೆ: ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. ವಿದೇಶದ ಕಥೆಯನ್ನು ಹಾಗೆಯೇ ಎತ್ತಿಕೊಳ್ಳದೆ ತೆಲುಗರು, ಕನ್ನಡಿಗರು ಇಬ್ಬರೂ ತಮ್ಮವನೆನ್ನುವ ರಾಜನ ಆಸ್ಥಾನಕ್ಕೆ ಯಂತ್ರವನ್ನು ಇಳಿಸಿದ್ದು ಅವರ ಜಾಣ್ಮೆ. ಮೊಳಕಾಲ್ಮೂರಿನವರಿಗಂತೂ ಹಂಪಿ ದೂರದ ಊರಲ್ಲ. ತಾಲ್ಲೂಕಿನ ಗಡಿ ದಾಟಿದರೆ ಕೂಡ್ಲಿಗಿ, ಅದು ಹಂಪಿ ಇರುವ ಜಿಲ್ಲೆಯದೇ ತಾಲ್ಲೂಕು.

2504ರ ಭಾಗದಲ್ಲಿ ಯುದ್ಧದ ವಿಕಿರಣದಿಂದಾಗಿ ಜನ ನೆಲದಡಿ ಬದುಕುತ್ತಿರುತ್ತಾರೆ. ಆ ಕಾಲದ ಪ್ರೇಕ್ಷಕರಿಗೆ ಅಣುಯುದ್ಧದ ಭಯ ಹೊಸದಲ್ಲ. ಭವಿಷ್ಯದ ನೆಪದಲ್ಲಿ ತನ್ನ ಕಾಲದ ಭಯವನ್ನು ಹೇಳುವುದು ಒಳ್ಳೆಯ ಸೈನ್ಸ್ ಫಿಕ್ಷನ್ ಮಾಡುವ ಕೆಲಸ.

ಕಾಲಯಾನ ಸಾಧ್ಯವೇ?

ಭೂತಕಾಲಕ್ಕೆ: ಯಾರೂ ಹೋಗಿಲ್ಲ, ಹೋಗಬಹುದು ಎಂಬುದಕ್ಕೆ ಪುರಾವೆಯೂ ಇಲ್ಲ.

ಭವಿಷ್ಯಕ್ಕೆ: ಒಂದು ಅರ್ಥದಲ್ಲಿ, ಬಹಳ ಸಣ್ಣ ಪ್ರಮಾಣದಲ್ಲಿ ಹೌದು. ವೇಗ ಮತ್ತು ಗುರುತ್ವ ಬದಲಾದರೆ ಗಡಿಯಾರದ ನಡೆಯೂ ಬದಲಾಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದರು. 1971ರಲ್ಲಿ ವಿಜ್ಞಾನಿಗಳು ಅಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿ ಸುತ್ತಿಸಿ ಇದನ್ನು ಅಳೆದರು. ನಿಮ್ಮ ಮೊಬೈಲ್ ಕೂಡ ಇದಕ್ಕೆ ಸಾಕ್ಷಿ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಇದನ್ನು ಸರಿಪಡಿಸದಿದ್ದರೆ ಮ್ಯಾಪ್ ಒಂದೇ ದಿನದಲ್ಲಿ ಸುಮಾರು 10 ಕಿ.ಮೀ. ತಪ್ಪು ಜಾಗ ತೋರಿಸುತ್ತದೆ.

ಹಾಗಾಗಿ "ವಿಜ್ಞಾನಿಗಳು ಟೈಮ್ ಮಷೀನ್ ಕಂಡುಹಿಡಿದರು" ಎಂಬ ವಿಡಿಯೊ ಬಂದರೆ ಅದು ಸುಳ್ಳು. ಕಾಲ ಎಲ್ಲೆಡೆ ಒಂದೇ ಸಮನಾಗಿ ಓಡುವುದಿಲ್ಲ ಎಂಬುದು ನಿಜ.

ಮುಂದಿನ ಪೀಳಿಗೆಗೆ

'ಭೈರವ ದ್ವೀಪಂ' (1994) ಎಂಬ ಜಾನಪದ ಕಥೆ, 'ಘಟೋತ್ಕಚ' (2008) ಎಂಬ ಆನಿಮೇಷನ್ ಕೂಡ ಸಿಂಗೀತಂ ಮಾಡಿದರು. ಮಹಾಭಾರತವನ್ನೂ ದೂರದ ಭವಿಷ್ಯವನ್ನೂ ಬೆಸೆದ 'ಕಲ್ಕಿ 2898 ಎಡಿ' ಚಿತ್ರಕ್ಕೆ ನಿರ್ದೇಶಕ ನಾಗ್ ಅಶ್ವಿನ್ 2020ರಲ್ಲಿ ಅವರನ್ನು ಮಾರ್ಗದರ್ಶಕರಾಗಿ ಕರೆದರು. ಚಿತ್ರ ತೆರೆಗೆ ಬಂದದ್ದು 2024ರ ಜೂನ್ 27ರಂದು. ಚಳ್ಳಕೆರೆಯಲ್ಲಿ ಪುಷ್ಪಕ್‌ನ ಮೂರನೇ ಪರೀಕ್ಷೆ ನಡೆದು ಆಗ ನಾಲ್ಕೇ ದಿನವಾಗಿತ್ತು.

ಫಾರ್ವರ್ಡ್ ಮಾಡುವ ಮುನ್ನ

ಸಿನಿಮಾ ತಾನು ಕಥೆ ಎಂದು ಮೊದಲೇ ಹೇಳಿಕೊಳ್ಳುತ್ತದೆ. ವಿಜ್ಞಾನ ತಾನು ಏನನ್ನು, ಯಾವಾಗ, ಎಲ್ಲಿ ಪರೀಕ್ಷಿಸಿದೆ ಎಂದು ಹೇಳುತ್ತದೆ. ಸುಳ್ಳು ಮೆಸೇಜ್ ಇವೆರಡನ್ನೂ ಹೇಳದೆ "ಎಲ್ಲರಿಗೂ ಕಳಿಸಿ" ಎನ್ನುತ್ತದೆ. ಮುಂದಿನ ಸಲ ಪುಷ್ಪಕದ ವಿಡಿಯೊ ಬಂದಾಗ ಮೂರು ಪ್ರಶ್ನೆ ಕೇಳಿ: ಇದು ಯಾವ ಪುಷ್ಪಕ? ದಿನಾಂಕ, ಜಾಗ ಇದೆಯೇ? ಪರೀಕ್ಷಿಸಿದವರು ಯಾರು? ಉತ್ತರ ಸಿಗದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ಮನೆಯ ಮಕ್ಕಳು ಕೇಳಿದರೆ ಎರಡೂ ಪುಷ್ಪಕಗಳ ಕಥೆಯನ್ನು ಬೇರೆ ಬೇರೆಯಾಗಿಯೇ ಹೇಳಿ.