ತುಂಗಭದ್ರೆಯ ಹರಿಗೋಲು

ಮನೆ ಹೊಳೆಯ ಈ ದಡದಲ್ಲಿ, ಸಂತೆ ಆ ದಡದಲ್ಲಿ, ನಡುವೆ ತುಂಗಭದ್ರೆ. ಆನೆಗೊಂದಿಯ ಜನರನ್ನು ಶತಮಾನಗಳ ಕಾಲ ದಡ ಸೇರಿಸಿದ್ದು ದೊಡ್ಡ ಬುಟ್ಟಿಯಂತಹ ದೋಣಿ. ಪುಸ್ತಕದಲ್ಲಿ ಅದು ಹರಿಗೋಲು, ಹೊಳೆದಂಡೆಯವರ ಬಾಯಲ್ಲಿ ತೆಪ್ಪ. ರಾಯಚೂರು ಸೀಮೆಯ ಕೆಲವೆಡೆ ಪುಟ್ಟಿ ಎಂಬ ಹೆಸರೂ ಉಂಟು.

ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಅರಮನೆ, ಬಜಾರುಗಳ ಜೊತೆಗೆ ಈ ದೋಣಿಯ ಬಗ್ಗೆಯೂ ಬರೆದ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು, ಇಪ್ಪತ್ತು ಮಂದಿ ಕೂರಬಹುದು. ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು, ಆದರೆ ಅವು ಹೆಚ್ಚಾಗಿ ಈಜಿಯೇ ದಾಟುತ್ತವೆ ಎಂಬುದು ಆತನ ವಿವರಣೆ. ನೇರವಾಗಿ ಹೋಗದೆ ಗಿರಗಿರನೆ ಸುತ್ತುವ ಇದರ ಸ್ವಭಾವವೂ ಅವನ ಕಣ್ಣಿಗೆ ಬಿದ್ದಿತ್ತು. ಸಮುದ್ರದ ಹಡಗು ಕಂಡವನಿಗೆ ಇದು ವಿಚಿತ್ರವೆನಿಸಿದ್ದರೆ ಆಶ್ಚರ್ಯವಿಲ್ಲ.

ಈ ದುಂಡು ಆಕಾರಕ್ಕೆ ಕಾರಣವಿದೆ. ಇಲ್ಲಿ ಹೊಳೆಯ ತುಂಬ ಬಂಡೆಗಳು. ಚೂಪು ತಳದ ದೋಣಿ ಅವುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹರಿಗೋಲಿನ ತಳ ಅಗಲ. ಅದು ತುಸುವೇ ನೀರಿನಲ್ಲಿ ಮುಳುಗುತ್ತದೆ, ಕಲ್ಲಿಗೆ ತಾಗಿದರೂ ಬಿದಿರು ಬಾಗಿ ಪಾರಾಗುತ್ತದೆ. ಅಂಬಿಗನ ಕೈಯಲ್ಲಿ ಒಂದೇ ಹುಟ್ಟು. ಅದನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಸೆಳೆಯುತ್ತ ಆತ ದೋಣಿಯನ್ನು ಎಳೆದೊಯ್ಯುತ್ತಾನೆ. ಪ್ರವಾಹದೊಂದಿಗೆ ಕೆಳಕ್ಕೆ ಬಂದ ಸಣ್ಣ ತೆಪ್ಪವನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ದಡದ ಮೇಲೆಯೇ ವಾಪಸು ನಡೆಯಬಹುದು. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಹೆಣಿಗೆ ಮಾತ್ರ ಹಳೆಯದೇ.

ಸೈನ್ಯಗಳಿಗೂ ಇದು ಬೇಕಾಗಿತ್ತು. 1803ರಲ್ಲಿ ಮರಾಠರ ವಿರುದ್ಧದ ದಂಡಯಾತ್ರೆಯಲ್ಲಿ ನದಿಗಳನ್ನು ದಾಟಲು ಆರ್ಥರ್ ವೆಲ್ಲೆಸ್ಲಿ ಇಂತಹ ಬುಟ್ಟಿದೋಣಿಗಳನ್ನೇ ಹೆಣೆಸಿದ. ಮುಂದೆ ವಾಟರ್‌ಲೂ ಗೆದ್ದ ದಳಪತಿ ಇವನೇ.

ಆದರೆ ದಿನನಿತ್ಯ ದಾಟುವವರ ಪಾಡು ಬೇರೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ತೆಪ್ಪ ನಿಂತಿತು. 1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗಲೂ ಅದೇ ಕಥೆ. ಆಗ ಕಣ್ಣೆದುರಿನ ಹಂಪಿಗೆ ಹತ್ತಾರು ಕಿಲೋಮೀಟರ್ ಸುತ್ತಬೇಕು. ಹೆರಿಗೆ ನೋವು ನೀರಿನ ಮಟ್ಟ ನೋಡಿ ಬರುವುದಿಲ್ಲವಲ್ಲ! ಹಿಂದೊಮ್ಮೆ ಇಲ್ಲಿ ಸೇತುವೆ ಇದ್ದುದಕ್ಕೆ ವಿಠಲ ದೇವಾಲಯದ ಸಮೀಪ ಹೊಳೆಯಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳೇ ಸಾಕ್ಷಿ.

ಹೊಸ ಸೇತುವೆಯ ಕೆಲಸ 1990ರ ದಶಕದಲ್ಲಿ ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ ಆರಂಭವಾಯಿತು. 1986ರಲ್ಲೇ ವಿಶ್ವ ಪರಂಪರೆಯ ತಾಣವಾಗಿದ್ದ ಹಂಪಿಗೆ ಇದರಿಂದ ಧಕ್ಕೆ ಎಂದು ಆಕ್ಷೇಪ ಎದ್ದಿತು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಆಕ್ಷೇಪ ನ್ಯಾಯವಾದದ್ದೇ. ಹಾಗೆಂದು ಸೇತುವೆ ಕೇಳಿದ ಹಳ್ಳಿಗರನ್ನು ಪರಂಪರೆಯ ವೈರಿಗಳೆಂದು ಬಗೆಯುವುದು ಸರಿಯಲ್ಲ. ಆ ಪರಂಪರೆಯೊಳಗೆ ಬದುಕುತ್ತಿದ್ದವರು ಅವರೇ. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿ 22ರಂದು ಅರ್ಧ ಕಟ್ಟಿದ ಸೇತುವೆ ಕುಸಿದು ಹಲವು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಕಡೆಗೆ ಸೇತುವೆ ಬಂದದ್ದು ಸ್ವಲ್ಪ ಕೆಳಗೆ, ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವೆ. ಊರಿನವರು ಈಗ ಅದರ ಮೇಲೆ ಬೈಕು, ಟೆಂಪೊಗಳಲ್ಲಿ ದಾಟುತ್ತಾರೆ. ಹರಿಗೋಲಿನಲ್ಲಿ ಕೂರುವವರು ಬಹುತೇಕ ಪ್ರವಾಸಿಗರು. ಪೇಸ್ ಬೆರಗುಗೊಂಡ ಆ ಗಿರಕಿಯನ್ನು ಅಂಬಿಗರು ಈಗ ಅವರಿಗಾಗಿ ಬೇಕೆಂದೇ ಹೊಡೆಸುತ್ತಾರೆ.