ಬಿಲ್ಲೆಯಣುಗಳ ಶೋಧದ ಚರಿತ್ರೆ

ಒಂದು ವಸ್ತುವು ನಿತ್ಯೋಪಯೋಗಕ್ಕೆ ಬಂದ ಮೇಲೆ ಅದರ ಚರಿತ್ರೆಯು ಮರೆಯಾಗುವುದು ಲೋಕರೂಢಿ. ಹೊನ್ನಾಳಿ ಸೀಮೆಯ ಗೋವಿನಕೋವಿಯ ರೈತನೊಬ್ಬನು ಪಹಣಿಯ ಪ್ರತಿಗಾಗಿ ಕಚೇರಿಗೆ ಹೋದನೆನ್ನೋಣ. ಗಣಕಯಂತ್ರದ ಎದುರಿಗೆ ಕುಳಿತಿರುವವನು ಗುಮಾಸ್ತನು. ರೈತನಾದರೋ ಮಗ್ಗುಲಲ್ಲಿ ನಿಂತು ತನ್ನ ಹೆಸರನ್ನೂ ಜಮೀನಿನ ವಿಸ್ತೀರ್ಣವನ್ನೂ ಓರೆಯಾಗಿಯೇ ನೋಡಬೇಕು. ಓರೆನೋಟಕ್ಕೂ ಅಕ್ಷರಗಳು ಸ್ಫುಟವಾಗಿ ಕಾಣುವಂತೆ ಮಾಡಿದ ಉಪಾಯಗಳಲ್ಲೊಂದಕ್ಕೆ ಕನ್ನಡನಾಡಿನಲ್ಲಿಯೇ ನಡೆದ ಶೋಧವು ಮೂಲವಾಗಿರುವುದು.

ಘನಕ್ಕೂ ದ್ರವಕ್ಕೂ ನಡುವೆ ಒಂದು ಮಧ್ಯಾವಸ್ಥೆಯುಂಟೆಂಬುದರ ಕುರುಹನ್ನು 1888ರಲ್ಲಿ ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞನಾದ ರೈನಿಟ್ಸರನು ಕಂಡನು. ಇದೇ ದ್ರವಸ್ಫಟಿಕ. ಇದು ನೀರಿನಂತೆ ಹರಿಯುವುದಾದರೂ ಇದರ ಅಣುಗಳು ಹರಳಿನಲ್ಲಿರುವಂತೆ ಒಂದು ಕ್ರಮವನ್ನು ಬಿಡವು. ಕಡ್ಡಿಯಂತೆ ನೀಳವಾದ ಅಣುಗಳಿಂದಲೇ ಈ ಅವಸ್ಥೆಯುಂಟಾಗುವುದೆಂದು ಬಹುಕಾಲ ವಿದ್ವಾಂಸರು ಭಾವಿಸಿದ್ದರು. ಅಂತಹ ಅಣುಗಳನ್ನು ಎರಡು ಗಾಜುಗಳ ನಡುವೆ ತಿರುಚಿ ನಿಲ್ಲಿಸಿ, ವಿದ್ಯುತ್ತಿನಿಂದ ಬೆಳಕನ್ನು ಬಿಡುವ, ತಡೆಯುವ ತೆರೆಯನ್ನು 1970ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ಷಾಟ್, ಹೆಲ್ಫ್ರಿಷ್ ಎಂಬಿಬ್ಬರು ರಚಿಸಿದರು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ಅವರು 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಶಾಲೆಯನ್ನು ಸ್ಥಾಪಿಸಿದರು. 1977ರಲ್ಲಿ ಅವರೂ ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರೂ ಕೂಡಿ, ಬಿಲ್ಲೆಯಾಕಾರದ ಅಣುಗಳೂ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಂಬಗಳಾಗಿ ನಿಂತು ದ್ರವಸ್ಫಟಿಕವಾಗುವುವೆಂಬುದನ್ನು ಕಂಡು, ಬೆಂಗಳೂರಿನಿಂದ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದರಿಂದ ಲೌಕಿಕ ಪ್ರಯೋಜನವೇನೆಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿದ್ದಿತು.

ಉತ್ತರವು ಕಾಲಾಂತರದಲ್ಲಿ ದೊರೆಯಿತು. ಸ್ವಿಟ್ಜರ್ಲೆಂಡಿನ ಮಾದರಿಯ ತೆರೆಗಳು ಗಣಕಯಂತ್ರಗಳಿಗೆ ಬಂದಾಗ, ಎದುರಿನಿಂದ ಕಪ್ಪಾಗಿ ಕಂಡುದು ಓರೆಯಿಂದ ಮಾಸಲಾಗಿ ಕಾಣುತ್ತಿದ್ದಿತು. ವಾಲಿದ ಕಡ್ಡಿಯಣುಗಳ ಮೂಲಕ ಬೆಳಕು ಸೋರುತ್ತಿದ್ದುದೇ ಇದಕ್ಕೆ ಕಾರಣ. ಬೆಳಕಿನ ವಿಷಯದಲ್ಲಿ ಬಿಲ್ಲೆಯಣುಗಳ ಗುಣವು ಕಡ್ಡಿಯಣುಗಳ ಗುಣಕ್ಕೆ ವಿಪರೀತವಾದುದು. ಒಂದರ ದೋಷವನ್ನು ಇನ್ನೊಂದು ಸರಿದೂಗಿಸಬಲ್ಲದು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಸಂಸ್ಥೆಯವರು ಇದೇ ಜಾತಿಯ ಬೇರೊಂದು ವಸ್ತುವಿನಿಂದ ತೆಳುಪೊರೆಯನ್ನು ತಯಾರಿಸಿ ಮಾರಾಟಕ್ಕೆ ತಂದರು. ತೆರೆಗೆ ಅದನ್ನು ಹೊದಿಸಿದೊಡನೆ ಓರೆನೋಟವು ತಿಳಿಯಾಯಿತು.

ಈಚೆಗೆ ಕಡ್ಡಿಯಣುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದ ತೆರೆಗಳೂ, ಪ್ರತಿಯೊಂದು ಬಿಂದುವೂ ತಾನೇ ಬೆಳಗುವ ಓಎಲ್‌ಇಡಿ ತೆರೆಗಳೂ ಬಂದು ಆ ಪೊರೆಯ ಅವಶ್ಯಕತೆಯು ಕುಗ್ಗಿರುವುದು. ಚಂದ್ರಶೇಖರ್ ಅವರು 1991ರಲ್ಲಿ ಬೆಂಗಳೂರಿನಲ್ಲಿ ದ್ರವಸ್ಫಟಿಕಗಳಿಗೆಂದೇ ಒಂದು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿ, 2004ರಲ್ಲಿ ಕಾಲವಾದರು. ಶೋಧವು ಬೆಂಗಳೂರಿನಲ್ಲಿ ನಡೆಯಿತು. ಪೊರೆಯ ಕಾರ್ಖಾನೆಯು ಜಪಾನಿನಲ್ಲಿ ಎದ್ದಿತು. ಫಲವೇನೆಂದು ಮೊದಲೇ ಲೆಕ್ಕ ಕೇಳುತ್ತಿದ್ದರೆ ಇಂತಹ ವಿದ್ಯೆಯು ಹುಟ್ಟಲಾರದು. ಹುಟ್ಟಿದ ವಿದ್ಯೆಯನ್ನು ಕೈಗಾರಿಕೆಗೆ ತರುವವರಿಲ್ಲದಿದ್ದರೆ ಅದರ ಫಲವು ಬೆಳೆದ ನೆಲಕ್ಕೆ ದಕ್ಕಲಾರದು. ಈ ಎರಡು ಮಾತುಗಳನ್ನೂ ನಾಡು ಮರೆಯದಿರುವುದೇ ಆ ಮೂವರ ಶ್ರಮಕ್ಕೆ ಸಲ್ಲಿಸತಕ್ಕ ಗೌರವ.